ನವಿಲುಗತ್ತಿನ ಎಡಗೈ

ಕೆಲವರು ಮದುವೆ ಮನೆಗೆ ಹೋದರೂ ಅತ್ತುಕೊಂಡು ಬರ್ತಾರೆ. ನನ್ನದು ಉಲ್ಟಾ. ಅಳೋಣ ಅಂತ ಸೆರಗು ಬಾಯಿಗಿಟ್ಟುಕೊಂಡಿರ್ತೀನಿ, ಅಷ್ಟರಲ್ಲಿ ಯಾರೋ ಏನೋ ಅಂದುಬಿಡ್ತಾರೆ, ತಡೆಯೋಕಾಗದಂಗೆ ನಗು ಬಂದುಬಿಡ್ತದೆ. ಇವತ್ತು ನಿನ್ನೆಯದಲ್ಲ ಇದು. ಇಪ್ಪತ್ತೆರಡು ವರ್ಷದ ಹಿಂದೆ ನಮ್ಮ ಯಜಮಾನರು ತೀರಿಕೊಂಡರು. ಆಮೇಲೆ ನಾನು ಸ್ಟೀಲ್ ಪಾತ್ರೆ ಬುಟ್ಟಿ ತಲೆ ಮೇಲೆ ಹೊತ್ತೆ. ಹಳೇ ಬಟ್ಟೆ, ಹಳೇ ಸಾಮಾನು ತಗೊಂಡು ಪಾತ್ರೆ ಕೊಡೋ ಕೆಲಸ. ತುಮಕೂರು, ಗುಬ್ಬಿ, ಕುಣಿಗಲ್ಲು, ಮೂರು ಊರಲ್ಲೂ ನಾನು ಕೂಗದೇ ಇರೋ ಬೀದಿ ಇಲ್ಲ. ಅದರಲ್ಲಿ ಹೊಟ್ಟೆಪಾಡು ಅರ್ಧ. ಇನ್ನರ್ಧ ಒಂದು ಗಾಜಿನ ಕೈ ಹುಡುಕೋದಕ್ಕೆ. ಆ ಕೈ ಹುಡುಕೋಕೆ ಹೋಗಿ ಏನೇನು ಅನುಭವಿಸಿದೆ ಅಂತ ಹೇಳ್ತೀನಿ. ನನಗೆ ಅಕ್ಷರ ಬರಲ್ಲ, ಮೊಮ್ಮಗಳು ಬರ್ಕೋತಾಳೆ. ಎಲ್ಲಾದ್ರೂ ತಪ್ಪಿದ್ರೆ ಅದು ಅವಳದು.

ಬಂದ ಕೈ, ಹೋದ ಕೈ

ನಮ್ಮ ಯಜಮಾನರು ಎಡಚರು. ಸುತ್ತಿಗೆ ಹಿಡಿಯೋದು, ಉಗುರು ಕತ್ತರಿಸೋದು, ಬೀಗ ತೆಗೆಯೋದು, ಎಲ್ಲಾ ಎಡಗೈಯಲ್ಲೇ. ನಮ್ಮತ್ತೆ ಚಿಕ್ಕಂದಿನಿಂದ ಆ ಕೈಗೆ ಸೌಟಲ್ಲಿ ಬಾರಿಸಿ ಬಾರಿಸಿ, ಊಟ ಒಂದನ್ನ ಬಲಗೈಗೆ ತಂದಿದ್ದರು. ಮಿಕ್ಕಿದ್ದು ಬದಲಾಗಲಿಲ್ಲ. ದೊಡ್ಡವರಾದ ಮೇಲೂ ಅವರು ಎಡಗೈಯಲ್ಲಿ ಏನಾದರೂ ನೀಡಿದರೆ ಅತ್ತೆ ಕೈ ಚಾಚ್ತಿರಲಿಲ್ಲ. "ಆ ಕೈಲಿ ಬೇಡ ಬುಡು, ಕೆಳಗಿಡು" ಅನ್ನೋರು.

ತುಮಕೂರು ಪಕ್ಕದ ಅಂತರಸನಹಳ್ಳೀಲಿ ಒಂದು ವರ್ಕ್‌ಷಾಪಲ್ಲಿ ಅವರಿಗೆ ಲೇತ್ ಮೇಲೆ ಕೆಲಸ. ನಮ್ಮ ಮದುವೆ ಆಗಿ ಎರಡನೇ ವರ್ಷ, ಒಂದು ಸಾಯಂಕಾಲ ಪೇಪರಲ್ಲಿ ಸುತ್ತಿ ಏನೋ ತಂದರು. ಬಿಚ್ಚಿದರೆ ಗಾಜಿನ ಕೈ! ಮಣಿಕಟ್ಟಿಂದ ಮೇಲಕ್ಕೆ ಒಂದೇ ಒಂದು ಕೈ, ಐದು ಬೆರಳೂ ಸೇರಿ ಒಂದು ಸಣ್ಣ ಹೂದಾನಿ ಹಿಡ್ಕೊಂಡಿದೆ. ಕೈಗೆ ಒಂದು ಬಳೆ ಬೇರೆ. ಗಾಜಿನ ಬಣ್ಣ ಜೇನುತುಪ್ಪದ್ದು. ಅದರ ಮೇಲೆ ನವಿಲಿನ ಕತ್ತಿನ ಹೊಳಪು. ಹಿಂಗೆ ತಿರುಗಿಸಿದರೆ ಹಸಿರು, ಹಂಗೆ ತಿರುಗಿಸಿದರೆ ನೇರಳೆ, ದೀಪದ ಎದುರು ಹಿಡಿದರೆ ತಾಮ್ರ. ನನಗೆ ಅಂಥದ್ದನ್ನ ಯಾರೂ ತಂದುಕೊಟ್ಟಿರಲಿಲ್ಲ. ಹುಟ್ಟಿದ ಊರು ಕೊತ್ತಗೆರೇಲಿ ಗಾಜು ಅಂದರೆ ಬಳೆ, ಲಾಟೀನು, ಅಷ್ಟೇ.

ಅತ್ತೆ ಬಂದರು. ತಾವೇ ಅದನ್ನ ಗೂಡಲ್ಲಿಟ್ಟು, ಎದುರಿಗೆ ನಿಂತು, ತಮ್ಮ ಎಡಗೈ ಎತ್ತಿ ಅದರ ಮುಂದೆ ಹಿಡಿದು, ಕನ್ನಡಿ ನೋಡಿಕೊಂಡಂಗೆ ನೋಡಿದರು.

"ಥೂ! ಎಡಗೈ!" ಅಂದರು. "ಮನೇಲಿ ಇರೋ ಒಂದು ಎಡಗೈನೇ ನಾನು ತಿದ್ದೋಕಾಗಿಲ್ಲ, ಜೊತೆಗೆ ಇನ್ನೊಂದು ತಂದವ್ನೆ!"

ಇವರು ಅಡುಗೆ ಮನೆಗೆ ಬಂದು, ನನ್ನ ಪಕ್ಕ ಕೂತು, ನಗ್ತಾ ಅಂದರು, "ನಮ್ಮಮ್ಮನ ಕಣ್ಣಿಗೆ ನಾನು ಏನು ಮುಟ್ಟಿದರೂ ಎಡಗೈಯೇ ಕಣೇ." ಆ ನಗು ನನಗೆ ಆವಾಗ ಅರ್ಥ ಆಗಲಿಲ್ಲ.

ಮೂರನೇ ದಿನ ತೊಳೆಯೋಕೆ ಹೋಗಿ ನಲ್ಲಿಗೆ ತಾಗಿಸಿದೆ. ಬಾಯಂಚಲ್ಲಿ ಒಂದು ಅಕ್ಕಿಕಾಳಿನಷ್ಟು ಚೂರು ಹಾರಿಹೋಯ್ತು. ಯಾರಿಗೂ ಹೇಳದೆ ಆ ಕಡೇನ ಗೋಡೆಗೆ ತಿರುಗಿಸಿಟ್ಟೆ. ಎಂಟನೇ ದಿನ ಗುಬ್ಬಿ ಕಡೆಯ ಪಾತ್ರೆಯವಳು ಬಂದಳು. "ಆ ಅನಿಷ್ಟ ಕೊಟ್ಟು ಏನಾದ್ರೂ ತಗೋ" ಅಂದರು ಅತ್ತೆ. ನಾನು ಹತ್ತೊಂಬತ್ತರ ಹುಡುಗಿ. ಕೊಟ್ಟೆ. ಒಂದು ಸ್ಟೀಲ್ ಡಬರಿ ಬಂತು.

ಅವತ್ತು ಅವರು ಕೆಲಸದಿಂದ ಬಂದು ಗೂಡು ನೋಡಿದರು. ಡಬರಿ ನೋಡಿದರು. "ಡಬರಿ ಚೆನ್ನಾಗಿದೆ" ಅಂದರು. ಅಷ್ಟೇ. ಆಮೇಲೆ ಅಷ್ಟು ವರ್ಷ ಅದರಲ್ಲಿ ಮಾಡಿದ ಸಾರು ಉಂಡರು, ಒಂದು ದಿನ ಎತ್ತಿ ಆಡಲಿಲ್ಲ. ಕೊನೆಗೆ ಅವರ ಬಾಯಿಗೆ ನೀರು ಬಿಟ್ಟಿದ್ದೂ ಅದೇ ಡಬರಿಯಿಂದ. ಎಲ್ಲಾ ಮುಗಿದ ಮೇಲೆ ಅದನ್ನ ಬೂದಿ ಹಾಕಿ ಉಜ್ಜಿದೆ. ಹೊಸದರ ಥರ ಫಳಫಳ ಅಂತು ಕಣ್ರಪ್ಪ. ಮನುಷ್ಯನಿಗೆ ಇಲ್ಲದ ಗ್ಯಾರಂಟಿ ಪಾತ್ರೆಗೆ ಇರ್ತದೆ.

ತೊಳೆದು ಹೋದ ಬಣ್ಣ

ಪಾತ್ರೆಯವಳು ಈ ಮೂರು ಊರು ಬಿಟ್ಟು ಆಚೆ ಹೋಗೋಳಲ್ಲ. ಹಂಗಾಗಿ ನಮ್ಮ ಕೈ ಇಲ್ಲೇ ಯಾರದೋ ಮನೇಲಿರಬೇಕು ಅಂತ ನನ್ನ ಲೆಕ್ಕ. ಬುಟ್ಟಿ ಇಳಿಸಿದ ಕಡೆಯೆಲ್ಲ ಕೇಳ್ತಿದ್ದೆ, "ಅವ್ವಾ, ನವಿಲುಗತ್ತಿನ ಬಣ್ಣದ ಗಾಜು ಏನಾದ್ರೂ ಇದೆಯಾ?"

ಒಂದು ದಿನ ಅಂತರಸನಹಳ್ಳೀಲಿ ಒಂದು ವಠಾರ. ಒಬ್ಬಳು ಹೆಣ್ಣುಮಗಳು ಒಳಗಿಂದ ಒಂದು ಗಾಜಿನ ಲೋಟ ತಂದಳು. ಬಿಸಿಲಿಗೆ ಹಿಡಿದೆ. ನೀಲಿ, ಹಸಿರು, ಗುಲಾಬಿ, ಎಲ್ಲಾ ಹರಿದಾಡ್ತಿದೆ! ಕೈ ಅಲ್ಲದಿದ್ದರೇನು, ಅದರ ಕುಲದ್ದೇ ಅಲ್ಲವಾ ಅಂತ, ಬುಟ್ಟೀಲಿದ್ದ ದೊಡ್ಡ ಬೋಸಿ ಕೊಟ್ಟುಬಿಟ್ಟೆ. ಆವಾಗ ನನಗೆ ಗಾಜಿನ ಜಾತಿ ಕುಲ ಏನೂ ಗೊತ್ತಿರಲಿಲ್ಲ. ಹೊಳೆದಿದ್ದೆಲ್ಲ ನಮ್ಮದೇ.

ಮನೆಗೆ ತಂದು ಸಬೀನ ಹಾಕಿ ತೊಳೆದೆ. ಬಣ್ಣ ನೀರಿನ ಜೊತೆ ನಿಧಾನಕ್ಕೆ ಎದ್ದು, ಬಚ್ಚಲಲ್ಲಿ ಹರಿದು, ಮೋರಿ ಸೇರಿತು. ಕೈಯಲ್ಲಿ ಉಳಿದಿದ್ದು ಬರೀ ಲೋಟ. ಅವಳ ಗಂಡ ಫ್ಯಾಕ್ಟರಿಯಿಂದ ಮಿಷನ್ ಆಯಿಲ್ ತಂದು ಹೊಲಿಗೆ ಮಿಷನ್ನಿಗೆ ಬಿಡೋಕೆ ಅದರಲ್ಲಿ ಇಟ್ಟಿದ್ದನಂತೆ!

ಮಾರನೇ ದಿನ ಹೋಗಿ ಜಗಳಕ್ಕೆ ನಿಂತೆ. ಅವಳು ಸಮಾಧಾನವಾಗಿ ಅಂದಳು, "ಬಣ್ಣ ಬೇಕು ಅಂತ ನೀವೇ ಕೇಳಿದ್ರಿ, ನಾನು ಕೊಟ್ಟೆ. ತೊಳೆದವರು ಯಾರು? ಇನ್ನೂ ಬೇಕಿದ್ರೆ ನಮ್ಮ ಯಜಮಾನ್ರ ಪ್ಯಾಂಟ್ ಇದೆ. ಎಷ್ಟು ಒಗೆದ್ರೂ ಆ ಬಣ್ಣ ಹೋಗಿಲ್ಲ. ಅದನ್ನ ತಗೊಂಡು ಇನ್ನೊಂದು ಬೋಸಿ ಕೊಡ್ತೀರಾ?"

ಡ್ರಾಯಿಂಗ್ ಮೇಷ್ಟ್ರ ಪಾಠ

ನನ್ನ ಕಣ್ಣು ತೆರೆಸಿದವರು ತುಮಕೂರಿನ ಒಬ್ಬರು ಡ್ರಾಯಿಂಗ್ ಮೇಷ್ಟ್ರು. ರಿಟೈರ್ ಆಗಿದ್ದರು. ಅವರ ಮನೆ ಹಜಾರದ ತುಂಬ ಇದೇ ಗಾಜು. ಲೋಟ, ಹೂಜಿ, ಮೀನಿನ ಆಕಾರದ ಹೂದಾನಿ. ಬೆಳಿಗ್ಗೆ ಕಿಟಕಿ ಬಿಸಿಲು ಬಿದ್ದರೆ ಮನೆಯೊಳಗೆ ನವಿಲು ಹಿಂಡು ಕೂತಂಗೆ ಇರೋದು.

"ಇದಕ್ಕೆ ಕಾರ್ನಿವಲ್ ಗ್ಲಾಸ್ ಅಂತಾರಮ್ಮ" ಅಂದರು. "ಗಾಜು ಇನ್ನೂ ಕಾದಿರುವಾಗಲೇ ಅದರ ಮೇಲೆ ಲೋಹದ ಉಪ್ಪಿನ ನೀರು ಚಿಮುಕಿಸ್ತಾರೆ. ಆ ಬಣ್ಣ ಗಾಜಿಗೆ ಕಚ್ಚಿಕೊಳ್ತದೆ. ನಮ್ಮ ಕಡೆಗೆ ಬಂದಿದ್ದು ಹೆಚ್ಚಾಗಿ ಉತ್ತರದ ಫಿರೋಜಾಬಾದಿಂದ, ಬಳೆ ಮಾಡೋ ಊರು."

ನಾನು ನೆಲದ ಮೇಲೆ ಕೂತು ಕಲಿತೆ. ಉಗುರಲ್ಲಿ ಕೆರೆದರೆ ಎದ್ದು ಬಂದರೆ ಈಚಿನ ಪೇಂಟು. ತಿರುಗಿಸಿ ತಳ ನೋಡಬೇಕು, ಅಲ್ಲಿ ಹೊಳಪು ಇರಲ್ಲ, ಗಾಜಿನ ಸ್ವಂತ ಬಣ್ಣ ಕಾಣ್ತದೆ. ಹಳೇದಾದರೆ ತಳದ ಅಂಚು ಇಟ್ಟೂ ಎತ್ತೀ ಸವೆದಿರ್ತದೆ. ನಮ್ಮ ಹಿಮ್ಮಡಿ ಥರ.

ಗಾಜಿನ ಕೈ ಅವರ ಹತ್ತಿರವೂ ಒಂದಿತ್ತು. "ಇದು ಎಡವೋ ಬಲವೋ ಹೇಳು ನೋಡೋಣ" ಅಂದರು. ಎದುರಿಗಿಟ್ಟು ನೋಡಿ ಎಡ ಅಂದೆ. ತಲೆ ಅಲ್ಲಾಡಿಸಿದರು.

"ಎದುರಿಗಿಟ್ಟು ನೋಡಿದರೆ ಕಣ್ಣು ಮೋಸ ಮಾಡ್ತದೆ. ಅದು ಹೂದಾನಿ ಹಿಡಿದಿರೋ ಹಂಗೇ ಅದರ ಹಿಂದಿನಿಂದ ನಿನ್ನ ಕೈ ಇಟ್ಟು ಹಿಡಿ. ಹೆಬ್ಬೆರಳಿನ ಮೇಲೆ ಹೆಬ್ಬೆರಳು ಕೂತುಕೊಳ್ಳಬೇಕು. ಯಾವ ಕೈ ಕೂತುಕೊಳ್ತದೋ, ಅದು ಆ ಕೈ."

ಹಿಡಿದೆ. ನನ್ನ ಬಲಗೈ ಸರಿಯಾಗಿ ಕೂತಿತು. ಅದು ಬಲಗೈ.

"ನನಗೆ ಬೇಕಾಗಿರೋದು ಎಡಗೈ ಸ್ವಾಮಿ" ಅಂದೆ.

"ಎಡಗೈ ನಾನೂ ಕಂಡಿಲ್ಲ. ಸಿಕ್ಕಿದರೆ ನಿನಗೇ ಕೊಡ್ತೀನಿ. ನಿನ್ನದು ಎಡಗೈಯೇ ಅಂತ ಖಾತ್ರಿಯಾ?"

"ನಮ್ಮತ್ತೆ ಹೇಳಿದ್ದು ಸ್ವಾಮಿ. ಅವರು ತಪ್ಪಿದ್ದು ನಾನು ಇವತ್ತಿನವರೆಗೂ ನೋಡಿಲ್ಲ."

ಮೇಷ್ಟ್ರು ಆ ಗಾಜಿನ ಕೈ ಹಿಡಿದುಕೊಂಡು ಬೆರಳು ಬೆರಳೂ ಸವರ್ತಾ ಕೂತರು. ಅವರ ಹೆಂಡತಿ ಕಾಫಿ ತಂದರು, ಸ್ಟೀಲ್ ಲೋಟದಲ್ಲಿ. ಆ ಮನೇಲಿ ಗಾಜಿನಲ್ಲಿ ಕುಡಿಯೋ ಹಾಗಿಲ್ಲ. ಗಂಡನ್ನ ಒಂದು ಸಲ, ನನ್ನ ಒಂದು ಸಲ ನೋಡಿದರು.

"ನೋಡಮ್ಮ" ಅಂದರು, "ಧಾರೆ ಮಂಟಪದಿಂದ ಇಳಿದ ಮೇಲೆ ನನ್ನ ಕೈ ಒಂದು ಸಲ ಹಿಡಿದವರಲ್ಲ. ಮೊನ್ನೆ ಬಚ್ಚಲಲ್ಲಿ ಜಾರಿ ಬಿದ್ದಾಗಲೂ ಗೋಡೆ ಹಿಡ್ಕೊ ಅಂದರು."

ಗುಬ್ಬೀಲಿ ತಿಥಿ ಊಟ

ಗುಬ್ಬೀಲಿ ಒಂದು ಮನೆ ಮುಂದೆ ಶಾಮಿಯಾನ ಹಾಕಿತ್ತು. ಹನ್ನೊಂದನೇ ದಿನದ ತಿಥಿ. ಇಂಥ ಮನೆಗಳಿಗೆ ನಾನು ಹೋಗೋದುಂಟು, ಸುಳ್ಳು ಯಾಕೆ ಹೇಳಲಿ. ಹೋದವರ ಬಟ್ಟೆ ಮನೇಲಿಟ್ಟುಕೊಳ್ಳೋಕೆ ಯಾರಿಗೂ ಮನಸ್ಸಿರಲ್ಲ. ನನ್ನ ಕಸುಬೇ ಅಂಥದು. ಊಟದ ಹೊತ್ತು ಕಳೆದ ಮೇಲೆ ಕೇಳೋಣ ಅಂತ ಬುಟ್ಟೀನ ಹೊರಗೆ ಜಗಲಿ ಮೇಲೆ ಇಟ್ಟು ಒಳಕ್ಕೆ ಇಣುಕಿದೆ.

ಹೋದವರು ಯಾರೋ ಯಜಮಾನರು, ವಯಸ್ಸಾದವರು. ಫೋಟೋಗೆ ಹಾರ, ಹಣೆಗೆ ವಿಭೂತಿ, ಮುಂದೆ ಎಡೆ. ಎಡೆ ಪಕ್ಕದಲ್ಲಿ ಒಂದು ಲೋಟ ನೀರು. ದೀಪದ ಬೆಳಕು ಲೋಟದ ಮೇಲೆ ಬಿದ್ದಿದೆ. ಹಸಿರು, ನೇರಳೆ, ತಾಮ್ರ!

ನಾನು ಅಲ್ಲೇ ನಿಂತುಬಿಟ್ಟೆ. ಈ ಮನೇಲಿ ಒಂದು ಇದ್ದರೆ ಇನ್ನೊಂದು ಇರಬಹುದು, ಕೈ ಇಲ್ಲೇ ಇರಬಹುದು. ಅದನ್ನ ತಂದ ದಿನ, ಕಳಕೊಂಡ ದಿನ ಎಲ್ಲಾ ನೆನಪಾಗಿ ಕಣ್ಣಲ್ಲಿ ನೀರು ತಡೀಲಿಲ್ಲ. ಫೋಟೋ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತೆ.

ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ನೀರು ತಂದುಕೊಟ್ಟರು. ಇನ್ನ್ಯಾರೋ ಎಬ್ಬಿಸಿ ಕರೆದುಕೊಂಡು ಹೋಗಿ ಮೊದಲ ಪಂಕ್ತೀಲೇ ಕೂರಿಸಿದರು. ಹಸಿವಿತ್ತು, ಉಂಡೆ. ಎರಡು ಸಲ ಪಾಯಸ ಬಡಿಸಿದರು. ಪಕ್ಕದಲ್ಲಿ ಕೂತ ಹೆಂಗಸು ಪಿಸುಮಾತಲ್ಲಿ ಕೇಳಿದಳು, "ಅವರನ್ನ ನೀವು ತುಂಬಾ ವರ್ಷದಿಂದ ಬಲ್ಲಿರಾ?"

ನನ್ನ ತಲೇಲಿ ಇದ್ದಿದ್ದು ಲೋಟ. "ನೋಡಿ ನಲವತ್ತು ವರ್ಷ ಆಯ್ತಮ್ಮ" ಅಂದೆ. "ಎಷ್ಟೋ ವರ್ಷದಿಂದ ಮನೆಮನೆ ಹುಡುಕ್ತಾ ಇದೀನಿ. ಇವತ್ತು ಇಲ್ಲಿ ಸಿಗ್ತು."

ಕೈ ತೊಳೆದು ಬರೋ ಹೊತ್ತಿಗೆ ಮನೆಯೆಲ್ಲ ಗುಜುಗುಜು. ಹೋದವರ ಹೆಂಡತಿ ನನ್ನ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದರು. ಹಣೆ ಬೋಳು, ಅತ್ತು ಅತ್ತು ಕಣ್ಣು ಊದಿಕೊಂಡಿತ್ತು. ದನಿ ತಗ್ಗಿಸಿ, "ನೋಡಮ್ಮ, ನಾನು ಏನೂ ಕೇಳಲ್ಲ. ಹೋದವರು ಹೋದರು. ನಿನಗೆ ಅವರ ನೆನಪಿಗೆ ಏನು ಬೇಕು ಹೇಳಿಬಿಡು" ಅಂದರು.

"ಆ ನೀರಿಟ್ಟ ಲೋಟ ಕೊಟ್ಟರೆ ಸಾಕು ಕಣವ್ವ. ಒಂದು ದೊಡ್ಡ ಪಾತ್ರೆ ಕೊಡ್ತೀನಿ" ಅಂದೆ.

ಆ ತಾಯಿ ನನ್ನನ್ನೇ ಒಂದು ಗಳಿಗೆ ನೋಡಿ, ಹೋಗಿ, ಎಡೆ ಪಕ್ಕದ ನೀರು ತುಳಸಿಗೆ ಚೆಲ್ಲಿ, ಲೋಟ ತಂದು ನನ್ನ ಕೈಗಿಟ್ಟರು. "ಪಾತ್ರೆಗೀತ್ರೆ ಬೇಡ. ತಗೊಂಡು ಹೋಗು. ಆದರೆ ಜಮೀನಲ್ಲಿ ಪಾಲು ಅಂತ ಮಾತ್ರ ಬರಬೇಡ!"

ಅಯ್ಯೋ ಶಿವನೇ ಅಂತ ಹೊರಗೆ ಕರೆದುಕೊಂಡು ಹೋಗಿ ಬುಟ್ಟಿ ತೋರಿಸಿದೆ. ಕೈ ಕತೆಯನ್ನೂ ಹೇಳಿದೆ. ಆ ತಾಯಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದು ನಕ್ಕಿದ್ದೇ. ಹನ್ನೊಂದು ದಿನದಲ್ಲಿ ಅದೇ ಮೊದಲ ನಗುವಂತೆ. ಕೈ ಅವರ ಮನೇಲಿ ಇರಲಿಲ್ಲ. ಹೊರಡುವಾಗ ಗಂಡನ ಬಟ್ಟೆ ಎಲ್ಲಾ ಕೊಟ್ಟು, ನಿಟ್ಟುಸಿರು ಬಿಟ್ಟು, "ನೀನು ನಿಜವಾಗ್ಲೂ ಅವರಿಗೆ ಏನಾದ್ರೂ ಆಗಿದ್ದಿದ್ದರೂ ಚೆನ್ನಾಗಿರೋದು ಬಿಡು. ನನ್ನ ಹಂಗೆ ಬೈಸ್ಕೊಂಡವಳು ಇನ್ನೊಬ್ಬಳಿದಾಳೆ ಅನ್ನೋ ಸಮಾಧಾನ ಇರೋದು" ಅಂದರು.

ಕುಣಿಗಲ್ಲಲ್ಲಿ ಕೈ ಹಿಡಿದಿದ್ದು

ಇದಾಗಿ ಕೆಲವು ವರ್ಷ. ಕುಣಿಗಲ್ಲಲ್ಲಿ ಒಂದು ಮನೆಯ ಹೆಂಗಸು, ನಾನು ಕೇಳಿ ಮುಗಿಸೋದರೊಳಗೆ, "ಗಾಜಿನ ಕೈ ತಾನೇ? ನಮ್ಮನೇಲಿದೆ, ಬಾ" ಅಂದಳು.

ನನಗೆ ಬುಟ್ಟಿ ಇಳಿಸೋಕೂ ಆಗಲಿಲ್ಲ, ಅವಳೇ ಇಳಿಸಿಕೊಂಡಳು. ಅಟ್ಟದಿಂದ ತೆಗೆದು, ಧೂಳು ಕೊಡವಿ, ಮುಂದಿಟ್ಟಳು. ಅದೇ ಕೈ. ಅದೇ ಬಳೆ. ಅದೇ ಜೇನಿನ ಬಣ್ಣ. ಅವಳ ಅತ್ತೆ ಕಾಲದಲ್ಲಿ ಪಾತ್ರೆಯವಳು ಕೊಟ್ಟಿದ್ದಂತೆ! ಇನ್ನೇನು ಬೇಕು?

ಮೇಷ್ಟ್ರ ಪಾಠ ಮರೀಲಿಲ್ಲ. ಕಣ್ಣು ಮುಚ್ಚಿಕೊಂಡು ಹಿಂದಿನಿಂದ ಎಡಗೈ ಇಟ್ಟೆ. ಕೂರಲಿಲ್ಲ. ಹೆಬ್ಬೆರಳು ಒಂದು ಕಡೆ, ಕಿರುಬೆರಳು ಒಂದು ಕಡೆ. ಇನ್ನೊಂದು ಸಲ ಇಟ್ಟೆ. ಕೂರಲಿಲ್ಲ. ಬಲಗೈ ಇಟ್ಟೆ. ಬೆರಳಿನ ಸಂದಿಗೆ ಬೆರಳು ಬೆಣ್ಣೆ ಇಳಿದಂಗೆ ಕೂತುಬಿಡ್ತು.

ಬಲಗೈ. ನಮ್ಮದಲ್ಲ. ಬಲಗೈ ಅಂದ ಮೇಲೆ ಇನ್ನೇನು ನೋಡೋದು? ಹಂಗೇ ಅದನ್ನ ಹಿಡಿದುಕೊಂಡು ಸುಮ್ಮನೆ ಕೂತೆ. ಬಿಡೋಕೆ ಮನಸ್ಸು ಬರಲಿಲ್ಲ. ಎಷ್ಟು ಹೊತ್ತು ಕೂತಿದ್ದೆನೋ, ಕಣ್ಣಿಂದ ನೀರು ಸೋರ್ತಾನೇ ಇತ್ತು.

ಆ ಹೆಂಗಸಿನ ಮಾವ, ಮಂಚದ ಮೇಲೆ ಕೂತಿದ್ದ ಮುದುಕ, ಇದನ್ನೆಲ್ಲ ನೋಡ್ತಿದ್ದ. ಸೊಸೆಗೆ ಅಂದ, "ಲೇ, ಒಂದು ಚೊಂಬು ನೀರು ತಾರಮ್ಮಿ. ಹೆಣ್ಣು ಆಗ್ಲಿಂದ ಕೈ ಹಿಡ್ಕೊಂಡು ಕುಂತವ್ಳೆ, ಮುಹೂರ್ತ ಮೀರ್ತದೆ, ಧಾರೆ ಎರೆದು ಕಳಿಸ್ಬುಡಾನ!"

ಅವರಿಗೆ ಅದು ಬೇಡವೇ ಬೇಡ. ಕತ್ತರಿಸಿದ ಕೈ ಇದ್ದಂಗಿದೆ, ಅಟ್ಟ ಹತ್ತೋಕೆ ಹೆದರಿಕೆ ಅಂತ ಆ ಹೆಂಗಸು ಬಲವಂತ ಮಾಡಿ ಕೊಟ್ಟಳು. ಒಂದು ಸೌಟು ಕೊಟ್ಟು ತಂದೆ. ಆವಾಗ ನಾನು ತುಮಕೂರಿನ ಸದಾಶಿವನಗರದಲ್ಲಿ ಮಗಳ ಮನೇಲಿದ್ದೆ, ಈಗಲೂ ಅಲ್ಲೇ. ಅತ್ತೆಯೂ ಅಲ್ಲೇ ನಮ್ಮ ಜೊತೆ. ನಮ್ಮದಲ್ಲದ ಕೈನ ಗೂಡಲ್ಲಿಟ್ಟು ನೋಡ್ತಾ ಇರೋ ಶಕ್ತಿ ನನಗಿರಲಿಲ್ಲ. ಬಚ್ಚಲ ಮನೆ ಕಿಟಕೀಲಿ ಇಟ್ಟೆ. ಮಗಳು ಅದರಲ್ಲಿ ಎಲ್ಲರ ಹಲ್ಲುಜ್ಜೋ ಬ್ರಶ್ಶು, ನಾಲಿಗೆ ಉಜ್ಜೋ ಕಡ್ಡಿ ಸಿಕ್ಕಿಸಿದಳು.

ಅಷ್ಟು ಹೊತ್ತಿಗೆ ಅತ್ತೆಗೆ ಲಕ್ವ ಹೊಡೆದಿತ್ತು. ಬಲಗೈ ಪೂರಾ ಬಿದ್ದುಹೋಗಿತ್ತು. ಊಟ ತಿಂಡಿ ಎಲ್ಲಾ ಎಡಗೈಯಲ್ಲೇ. ಮೊದಲ ದಿನ ಎಡಗೈಯಲ್ಲಿ ತುತ್ತು ಎತ್ತುವಾಗ ಗೋಡೆ ಕಡೆ ತಿರುಗಿ ಕೂತು ಉಂಡರು. ನಾನು ನೋಡಿದರೂ ನೋಡದಂಗೆ ಇದ್ದೆ.

ಗಾಜಿನ ಕೈ ತಂದ ಮಾರನೇ ಬೆಳಿಗ್ಗೆ ಅವರನ್ನ ಸ್ನಾನಕ್ಕೆ ಕರೆದುಕೊಂಡು ಹೋದೆ. ಕಿಟಕಿ ನೋಡಿದರು. "ಎಡಗೈ ತಂದು ಇಲ್ಲಿಟ್ಟಿದೀಯಾ? ಒಳ್ಳೇದೇ ಆಯ್ತು ಬುಡು, ಅದರ ಜಾಗ ಅದೇ" ಅಂದರು.

ನಾನು ಮಗಳ ಹತ್ತಿರ ಹೇಳಿದೆ, "ಪಾಪ, ಅಜ್ಜಿಗೆ ಅರಳು ಮರಳು ಶುರುವಾಯ್ತು ಕಣೇ. ಎಡ ಬಲವೂ ಗೊತ್ತಾಗ್ತಿಲ್ಲ."

ಓದೋಕೆ ಬರದವಳಿಗೆ ಚೀಟಿ

ಹೋದ ವರ್ಷ ಡ್ರಾಯಿಂಗ್ ಮೇಷ್ಟ್ರು ತೀರಿಕೊಂಡರು. ನನಗೆ ಗೊತ್ತಾಗಿದ್ದು ತಿಂಗಳಾದ ಮೇಲೆ. ಅವರ ಹೆಂಡತಿ ಫೋನ್ ಮಾಡಿ ಬರಹೇಳಿದರು. ಹೋದರೆ, ಹಜಾರದ ಕಿಟಕಿಗೆ ಪರದೆ ಎಳೆದಿತ್ತು. ನವಿಲೆಲ್ಲ ಮಂಕಾಗಿ ಕೂತಿದ್ದವು. ಆಯಮ್ಮ ಮೊದಲ ಸಲ ನನಗೆ ಗಾಜಿನ ಲೋಟದಲ್ಲಿ ಕಾಫಿ ಕೊಟ್ಟರು. ತಾವೂ ಗಾಜಿನದರಲ್ಲೇ ಕುಡಿದರು.

"ಬೈಯೋರಿಲ್ಲ ನೋಡು" ಅಂದರು. "ಕಾಫಿ ರುಚಿಯೇ ಹತ್ತಲ್ಲ."

ಆಮೇಲೆ ಒಂದು ರಟ್ಟಿನ ಡಬ್ಬಿ ತಂದಿಟ್ಟರು. ಬಿಚ್ಚಿದೆ. ಗಾಜಿನ ಕೈ. ಹಿಂದಿನಿಂದ ಎಡಗೈ ಇಟ್ಟೆ. ಕೂತಿತು! ಎಡಗೈ! ಮೇಷ್ಟ್ರು ಆಸ್ಪತ್ರೆಗೆ ಸೇರೋಕೆ ಮುಂಚೆ ಎಲ್ಲಿಂದಲೋ ತರಿಸಿ ನನಗೋಸ್ಕರ ಎತ್ತಿಟ್ಟಿದ್ದರಂತೆ. ಕೂಡಲೇ ಬಾಯಂಚಿನ ಸುತ್ತ ಬೆರಳಾಡಿಸಿದೆ. ಸುತ್ತಲೂ ನುಣ್ಣಗಿತ್ತು. ಇನ್ನೊಂದು ಸುತ್ತು ಆಡಿಸಿದೆ. ಎಲ್ಲೂ ಚೂರು ಹಾರಿಲ್ಲ.

ನಮ್ಮದಲ್ಲ. ಎಡಗೈ ಹೌದು, ಅವರು ತಂದಿದ್ದಲ್ಲ.

ಡಬ್ಬೀಲಿ ಒಂದು ಚೀಟಿ ಇತ್ತು. ಆಯಮ್ಮ ಓದಿದರು, ಮೇಷ್ಟ್ರು ಎರಡೂ ಕಡೆ ತುಂಬ ಬರೆದಿದ್ದರು. ಇದನ್ನ ಹೆಂಗೆ ಹಿಡೀಬೇಕು, ಹೆಂಗೆ ತೊಳೀಬೇಕು, ಬಿಸಿನೀರು ಹಾಕಬೇಡ, ನೀನು ಹುಡುಕೋದು ಬಿಡಬೇಡ, ಅಂತೆಲ್ಲ. ಓದಿ ಮಡಿಸಿ ಡಬ್ಬೀಲಿ ಹಾಕಿದರು.

"ನಲವತ್ತಾರು ವರ್ಷ ಸಂಸಾರ ಮಾಡಿದೆ" ಅಂದರು. "ಓದೋಕೆ ಬರೋ ನನಗೆ ಒಂದು ಸಾಲು ಬರೆದಿಟ್ಟಿಲ್ಲ. ಓದೋಕೆ ಬರದ ನಿನಗೆ ಎರಡು ಪುಟ! ಅದನ್ನೂ ನಾನೇ ಓದಿ ಹೇಳಬೇಕು!"

ಇಬ್ಬರೂ ನಕ್ಕೆವು. ಆಮೇಲೆ ಇಬ್ಬರೂ ಅತ್ತೆವು. ಕಾಫಿ ಆರಿಹೋಯ್ತು.

ಎಡಚ

ಬಸ್ಸಲ್ಲಿ ಬರ್ತಾ ನಿರ್ಧಾರ ಮಾಡಿದೆ. ಸಾಕು. ನನಗೂ ಮಂಡಿ ಹಿಡಿದಿದೆ, ಬುಟ್ಟಿ ಹೊರೋಕಾಗಲ್ಲ. ಅದೇ ಅಲ್ಲದಿದ್ದರೆ ಬೇಡ, ಅದರ ಜೊತೆ ಹುಟ್ಟಿದ್ದು ಅಂತ ಇಟ್ಟುಕೊಳ್ತೀನಿ. ಅತ್ತೆಗೆ ಮಾತ್ರ ಇದೇ ನಿಮ್ಮ ಮಗ ತಂದಿದ್ದು ಅಂತ ಹೇಳಿಬಿಡೋಣ. ಇವತ್ತೋ ನಾಳೆಯೋ ಅನ್ನೋ ಜೀವ. ಎಡಗೈಯಲ್ಲಿ ಉಂಡು ಎಷ್ಟೋ ವರ್ಷ ಆಯ್ತು, ಈಗಲಾದರೂ ಮಗ ತಂದ ಎಡಗೈನ ಒಂದು ಸಲ ಮುಟ್ಟಲಿ.

ಮಂಚದ ಹತ್ತಿರ ಸ್ಟೂಲ್ ಮೇಲೆ ಇಟ್ಟೆ. "ಅತ್ತೆ, ಸಿಕ್ತು ನೋಡಿ. ನಿಮ್ಮ ಮಗ ತಂದಿದ್ದ ಕೈ."

ಅತ್ತೆ ಕತ್ತೆತ್ತಿದರು. ತಮ್ಮ ಎಡಗೈ ಎತ್ತಿ ಅದರ ಎದುರಿಗೆ ಹಿಡಿದರು, ಅವತ್ತು ಹಿಡಿದಂಗೇ, ಕನ್ನಡಿ ನೋಡೋ ಹಂಗೆ. ತಲೆ ಅಲ್ಲಾಡಿಸಿದರು.

"ಇದು ಬಲಗೈ ಕಣೇ."

"ಇಲ್ಲ ಅತ್ತೆ, ಎಡಗೈ. ಮೇಷ್ಟ್ರು ನೋಡಿ ಹೇಳಿದಾರೆ."

"ಮೇಷ್ಟ್ರಿಗೇನು ಗೊತ್ತು, ಮಣ್ಣು! ಎದುರಿಗೆ ಕೈ ಹಿಡಿದು ನೋಡು, ನನ್ನ ಎಡಗೈಗೆ ಇದು ಸಮ ಬರ್ತದಾ? ಬರಲ್ಲ. ನನ್ನ ಮಗ ತಂದಿದ್ದು ಎಡಗೈ. ಆ ಬಚ್ಚಲಲ್ಲಿ ಮಡಗಿದೀಯಲ್ಲ, ಅಂಥದು."

ನಾನೂ ನನ್ನ ಎಡಗೈ ಎತ್ತಿ ಅದರ ಎದುರಿಗೆ ಹಿಡಿದೆ. ಎದುರುಬದುರು ಹಿಡಿದರೆ, ಕನ್ನಡೀಲಿ ಕಂಡಂಗೆ, ಎಡಗೈಗೆ ಸಮ ಬರೋದು ಬಲಗೈ ಅಲ್ಲವಾ! ಹಂಗಾದರೆ ಅತ್ತೆ ಬಲ ಅಂದಿದ್ದು ಎಡ. ಅತ್ತೆ ಎಡ ಅಂದಿದ್ದು...

ಮಂಡಿ ನೋವು ಮರೆತು ಬಚ್ಚಲಿಗೆ ಓಡಿದೆ. ಮೊಮ್ಮಗಳು ಒಳಗೆ ಮುಖ ತೊಳೀತಿದ್ದಳು. ಬ್ರಶ್ಶು, ಕಡ್ಡಿ ಎಲ್ಲಾ ಕಿತ್ತು ಅವಳ ಕೈಗೆ ತುರುಕಿ, ಬಾಯಂಚಿಗೆ ಬೆರಳಿಟ್ಟೆ. ಅರ್ಧ ಸುತ್ತು ನುಣ್ಣಗೆ. ಆಮೇಲೆ ಬೆರಳು ತಗ್ಗಿಗೆ ಇಳಿಯಿತು. ಒಂದು ಅಕ್ಕಿಕಾಳಿನಷ್ಟು.

"ಅದು ಯಾವಾಗಿಂದ್ಲೂ ಹಂಗೇ ಇದೆ ಅಜ್ಜಿ" ಅಂದಳು ಮೊಮ್ಮಗಳು. "ನಾಲಿಗೆ ಕಡ್ಡಿ ಜಾರದಂಗೆ ಅಲ್ಲೇ ಸಿಕ್ಕಿಸ್ತೀವಿ."

ಬಚ್ಚಲ ನೆಲದ ಮೇಲೆ ಕೂತುಬಿಟ್ಟೆ. ಕುಣಿಗಲ್ಲಲ್ಲಿ ಧಾರೆ ಒಂದು ಬಾಕಿ, ಅಷ್ಟು ಹೊತ್ತು ನಾನು ಹಿಡಿದು ಕೂತಿದ್ದು ಇದನ್ನೇ. ಆಮೇಲೆ ದಿನಾ ಬೆಳಿಗ್ಗೆ ಇದರಿಂದಲೇ ಬ್ರಶ್ ತೆಗೆದುಕೊಂಡು, ಬುಟ್ಟಿ ಹೊತ್ತು, ಇದನ್ನೇ ಹುಡುಕೋಕೆ ಹೊರಟಿದ್ದೆ. "ನಮ್ಮಮ್ಮನ ಕಣ್ಣಿಗೆ ನಾನು ಏನು ಮುಟ್ಟಿದರೂ ಎಡಗೈಯೇ ಕಣೇ." ಆ ಮನುಷ್ಯ ಅವತ್ತು ಅಂಗಡೀಲಿ ಬೇಕು ಅಂತಲೇ, ಅಮ್ಮನಿಗೆ ಬೇಜಾರಾಗಬಾರದು ಅಂತ, ಬಲಗೈ ನೋಡಿ ಆರಿಸಿ ತಂದಿದ್ದರು. ಲೇತ್ ಮೇಲೆ ಅಳತೆ ಹಿಡಿಯೋರು, ಅವರ ಕಣ್ಣು ತಪ್ಪೋದಲ್ಲ.

ಸೋಪು ಹಾಕಿ ತೊಳೆದೆ, ತಣ್ಣೀರಲ್ಲಿ. ಸೆರಗಲ್ಲಿ ಒರೆಸಿ ತಂದು ಅತ್ತೆ ಮುಂದೆ ಹಿಡಿದೆ. ಎಲ್ಲಾ ಹೇಳಿದೆ. "ಅತ್ತೆ, ಇದೇ ಅದು. ಆದರೆ ಇದು ಬಲಗೈ. ನಿಮಗೆ ಬೇಜಾರಾಗದಿರಲಿ ಅಂತ ಅವರು ಬಲಗೈಯೇ ತಂದಿದ್ದರು."

ಅತ್ತೆ ಅದನ್ನ ಕೆಳಗಿಂದ ಮೇಲಕ್ಕೆ ನೋಡಿದರು. ಆಮೇಲೆ ಎಡಗೈ ಚಾಚಿದರು. ಕೊಟ್ಟೆ. ಆ ಸುಕ್ಕುಗಟ್ಟಿದ ಬೆರಳು ಗಾಜಿನ ಬೆರಳಿನ ಮೇಲೆಲ್ಲ ಓಡಾಡಿದವು, ಮಣಿಕಟ್ಟಿನ ಬಳೆ ಹತ್ತಿರ ಬಂದು ನಿಂತವು. ಎದೆ ಮೇಲೆ ಇಟ್ಟುಕೊಂಡರು. ಕಣ್ಣಿನ ತುದಿಯಿಂದ ನೀರು ಕಿವಿ ಕಡೆಗೆ ಇಳೀತಿತ್ತು. ನಾನು ಒರೆಸೋಕೆ ಹೋದೆ, ತಲೆ ಆಚೆ ತಿರುಗಿಸಿಕೊಂಡರು. ಒಂದು ಸಲ ಕೆಮ್ಮಿ ಅಂದರು:

"ಹಂಗಾದ್ರೆ ಅವತ್ತು ಗೂಡಲ್ಲಿ ಅವನೇ ತಿರುಗುಮುರುಗಾಗಿ ಮಡಗವ್ನೆ. ಎಡಚ ನನ್ಮಗ!"